ನೀರು ಮಾತ್ರ ನಿಲ್ಲಿಸ್ಬೇಡ ಕಣವ್ವ

ಮಗಾ,

ಪಾಪು ಹುಷಾರಾಗಿದೆ ಅಂತ ಬರ್ದಿದೀಯ, ಸದ್ಯ. ಆದ್ರೆ ಮಧ್ಯದಲ್ಲಿ ಒಂದು ಸಾಲು ಇತ್ತಲ್ಲ, 'ನೀರು ಕೊಟ್ಟಷ್ಟೂ ಲೂಸ್ ಮೋಷನ್ ಜಾಸ್ತಿ ಆಗುತ್ತೆ ಅಂತ ಭಯ ಆಗಿ ನೀರೇ ಕಮ್ಮಿ ಮಾಡ್ದೆ ದೊಡ್ಡಮ್ಮ' ಅಂತ, ಅದನ್ನ ಓದಿದ್ಮೇಲೆ ನಂಗೆ ನಿದ್ದೆ ಹತ್ತಲಿಲ್ಲ.

ನನ್ನ ಸಣ್ಣ ತಮ್ಮ ಭೇದಿ ಆಗಿ ತೀರ್ಕೊಂಡ ವಿಷ್ಯ ನಿಂಗೆ ಗೊತ್ತೇ ಇದೆ. ಕೊನೇ ದಿನ ಅವನ ಹೊಟ್ಟೆ ಚರ್ಮ ಚಿವುಟಿ ಬಿಟ್ರೆ ಮಡಿಕೆ ಹಂಗೇ ನಿಂತ್ಕೊಳ್ಳೋದು, ಒದ್ದೆ ಬಟ್ಟೆ ಸಿಕ್ಕಿದ್ರೆ ಚೀಪೋನು. ಅಜ್ಜಿಗೂ ನಿನ್ನದೇ ಭಯ, ಅದಕ್ಕೇ ನೀರು ಕೊಡ್ಲಿಲ್ಲ. ಆಮೇಲೆ ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಸೆಲ್ ಮೆಂಬ್ರೇನ್, ಅಂದ್ರೆ ಜೀವಕೋಶದ ಪೊರೆಯ ಪಾಠ ಮಾಡುವಾಗೆಲ್ಲ ಆ ಮಡಿಕೇನೇ ಕಣ್ಮುಂದೆ ಬರೋದು.

ಕರುಳಿನ ಒಂದೊಂದು ಜೀವಕೋಶಕ್ಕೂ ಎರಡು ಪದರದ ಕೊಬ್ಬಿನ ಪೊರೆ ಇರುತ್ತೆ. ಆ ಕೊಬ್ಬಿನ ಒಂದೊಂದು ಕಣದ್ದೂ ನೀರಿಗೆ ಒಗ್ಗೋ ತಲೆ ಹೊರಗಡೆಗೆ, ಒಗ್ಗದ ಬಾಲ ಒಳಗಡೆಗೆ. ಆ ಕೊಬ್ಬನ್ನ ದಾಟಿ ಉಪ್ಪೂ ಹೋಗಲ್ಲ, ಸಕ್ಕರೇನೂ ಹೋಗಲ್ಲ, ಅದಕ್ಕೇ ಪೊರೇಲಿ ಪ್ರೋಟೀನುಗಳು ಕೂತಿರುತ್ವೆ, ಅದ್ರಲ್ಲಿ ಎಸ್‌ಜಿಎಲ್‌ಟಿ1 ಅನ್ನೋದು ಉಪ್ಪಿನಲ್ಲಿರೋ ಸೋಡಿಯಂ ಎರಡು, ಸಕ್ಕರೇಲಿರೋ ಗ್ಲೂಕೋಸು ಒಂದು ಒಟ್ಟಿಗೇ ಬಂದ್ರೆ ಒಳಗೆ ಸೇರಿಸ್ಕೊಳ್ಳುತ್ತೆ, ಅವು ಹೋದ ಕಡೆ ನೀರೂ ಹಿಂದೆನೇ ಹೋಗುತ್ತೆ. ಕಾಲರಾ ಬಂದಾಗ್ಲೂ ಈ ದಾರಿ ಕೆಟ್ಟಿರಲ್ಲ ಕಣೆ! ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲೇ ಇದನ್ನ ಹೇಳಿದ್ರು, 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಸಕ್ಕರೆ ನೀರು ಕುಡಿಸೇ ಎಷ್ಟೋ ಜೀವ ಉಳಿಸಿದ್ರು. ನಮ್ಮನೆ ಪಕ್ಕದಲ್ಲೇ ಆಲೆಮನೆ ಇತ್ತು, ಬೆಲ್ಲಕ್ಕೇನು ಬರ ಇರ್ಲಿಲ್ಲ, ಉಪ್ಪಿಗೂ ಇರ್ಲಿಲ್ಲ. ಅದೇ ಹೊಟ್ಟೆ ಉರಿಯುತ್ತೆ.

ನಿನ್ನ ಕಣ್ಣಿಗೆ ಕಂಡಿದ್ದು ಸುಳ್ಳು ಅಂತಿಲ್ಲ, ನೀರು ಕೊಟ್ಟ ತಕ್ಷಣ ಭೇದಿ ನಿಲ್ಲಲ್ಲ, ಆದ್ರೂ ಕೊಟ್ಟಿದ್ರಲ್ಲಿ ಬಹಳಷ್ಟು ಮೈಗೆ ಹತ್ತುತ್ತೆ, ನಿಲ್ಲಿಸಿದ್ರೆ ಹೋಗೋದು ಮಾತ್ರ ಹೋಗ್ತಾನೇ ಇರುತ್ತೆ. ಒಂದು ಲೀಟರ್ ಅಂತ ಬರ್ದಿರೋ ಓಆರ್‌ಎಸ್ ಪ್ಯಾಕೆಟ್ಟನ್ನ ಕಾಯಿಸಿ ಆರಿಸಿದ ಒಂದು ಲೀಟರಿಗೆ ಪೂರ್ತಿ ಹಾಕು, ಚಮಚ ಚಮಚ ಕುಡಿಸು. ಮಗು ಕುಡೀಲಿ ಅಂತ ಮೇಲೆ ಸಕ್ಕರೆ ಹಾಕ್ಬೇಡ, ಸಕ್ಕರೆ ಜಾಸ್ತಿ ಆದ್ರೆ ಅದೇ ಕರುಳಿಗೆ ನೀರು ಎಳೆಯುತ್ತೆ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡು. ಎದೆ ಹಾಲು ನಿಲ್ಲಿಸ್ಬೇಡ. ಕಣ್ಣು ಗುಳಿ ಬಿದ್ರೆ, ಉಚ್ಚೆ ಹೋಗ್ದಿದ್ರೆ, ಮಂಕಾಗಿ ಮಲಗಿದ್ರೆ ನನ್ನನ್ನೂ ಕೇಳ್ಬೇಡ, ಸೀದಾ ಆಸ್ಪತ್ರೆಗೆ ಹೋಗು. ಇದೆಲ್ಲ ಡಾಕ್ಟ್ರು ಹೇಳಿರ್ತಾರೆ, ಆದ್ರೂ ಬರೀದೆ ಇರಕ್ಕಾಗ್ಲಿಲ್ಲ.

ನೀರು ಬೇಡ ಅಂದಿದ್ದು ನಿಮ್ಮತ್ತೆ ಆಗಿದ್ರೆ ಅವ್ರ ಮೇಲೆ ರೇಗ್ಬೇಡ, ಪಕ್ಕದಲ್ಲಿ ಕೂತು ಇದನ್ನ ಓದಿ ಹೇಳು.

ನಿನ್ನ ದೊಡ್ಡಮ್ಮ