ಹಳೆ ಕಾರಿನ ಮೂತಿಗೆ ನೀಲಿ ಲೈಟ್ ಯಾಕೆ?

ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಮಂಗಳೂರಿನ ಹಳೆ ಕಾರುಗಳ ಫೋಟೊಗಳನ್ನು ನೋಡಿದೆ. ಖುಷಿಯಾಯಿತು. ಆದರೆ ಒಂದು ಕಾರಿನ ಲಾಂಛನಕ್ಕೆ ನೀಲಿ ಎಲ್‌ಇಡಿ ಹಾಕಿ ‘ಮರುಜೀವ’ ಕೊಟ್ಟಿದ್ದಾರೆ ಎಂದು ಬರೆದಿದ್ದಿರಿ. ಆ ಮಾತು ನನಗೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಆಗಿದೆ. ನುಂಗಲಿಕ್ಕೂ ಆಗುವುದಿಲ್ಲ, ಸುಮ್ನೆ ಕೂರಲಿಕ್ಕೂ ಆಗುವುದಿಲ್ಲ.

ನಾನು ಕಂಕನಾಡಿಯಲ್ಲಿ 41 ವರ್ಷ ಆಟೊ ಎಲೆಕ್ಟ್ರಿಷಿಯನ್ ಆಗಿದ್ದವನು. ಈಗ ಅಂಗಡಿ ಇಲ್ಲ. ಟೆಸ್ಟ್ ಲ್ಯಾಂಪ್ ಒಂದು ಉಂಟು, ಕರೆದರೆ ಹೋಗುತ್ತೇನೆ.

ಎದುರಿನ ಲಾಂಛನ ಬೆಳಗುವ ಹೊಸ ಕಾರು ನೋಡಿ ನನ್ನ ಮೊಮ್ಮಗ ಇದು ಈಗ ಬಂದ ಫ್ಯಾಶನ್ ಅಂದುಕೊಂಡಿದ್ದ. ಇಂಗ್ಲೆಂಡಿನ ವೂಲ್ಸ್‌ಲಿ ಕಂಪನಿ 1930ರ ದಶಕದ ಮೊದಲಲ್ಲೇ ರೇಡಿಯೇಟರ್ ಮೇಲಿನ ತನ್ನ ಹೆಸರಿನ ಬಿಲ್ಲೆಯ ಹಿಂದೆ ಬಲ್ಬ್ ಇಟ್ಟಿತ್ತು. 1975ರಲ್ಲಿ ಆ ಹೆಸರು ನಿಲ್ಲುವ ತನಕ ಆ ದೀಪವೇ ಅದರ ಗುರುತು. ಅಮೆರಿಕದ ಪಾಂಟಿಯಾಕ್‌ನಲ್ಲಿ 1950ರ ಆಸುಪಾಸು ಬಾನೆಟ್ ಮೇಲೆ ಜೇನುಬಣ್ಣದ ಒಂದು ಮುಖ ರಾತ್ರಿ ಬೆಳಗುತ್ತಿತ್ತು. ನಮಗೆ ಹತ್ತಿರದ ನೆಂಟಸ್ತಿಕೆ ವೂಲ್ಸ್‌ಲಿಯದು. ಅದನ್ನು 1927ರಲ್ಲಿ ಕೊಂಡವರು ಮಾರಿಸ್ ಕಾರಿನ ವಿಲಿಯಂ ಮಾರಿಸ್. ನಮ್ಮಲ್ಲಿ 2014ರ ತನಕ ತಯಾರಾದ ಅಂಬಾಸಿಡರ್ ಹುಟ್ಟಿದ್ದು ಅದೇ ಮಾರಿಸ್‌ನ ಆಕ್ಸ್‌ಫರ್ಡ್ ಎಂಬ ಕಾರಿನಿಂದ. ಅಂದ ಮೇಲೆ ವೂಲ್ಸ್‌ಲಿ ನಮ್ಮ ಅಂಬಾಸಿಡರಿಗೆ ದೊಡ್ಡಪ್ಪನ ಮಗ ಆಯಿತು, ಅಲ್ವಾ? ವೂಲ್ಸ್‌ಲಿಯ 15/60 ಎಂಬ ಮಾದರಿಯಲ್ಲಿ ಇದ್ದದ್ದೂ ಅಂಬಾಸಿಡರಿನ ಅದೇ 1489 ಸಿಸಿ ಎಂಜಿನ್.

ಅಂಥದೇ ಒಂದು 15/60 ಮಂಗಳೂರಿನ ಒಬ್ಬರ ಮನೆಯಲ್ಲಿದೆ. ಅವರ ತಂದೆ ಚಿಕ್ಕಮಗಳೂರು ಕಡೆಯ ಎಸ್ಟೇಟಿನವರಿಂದ ಕೊಂಡು ಚಾರ್ಮಾಡಿ ಘಾಟಿ ಇಳಿಸಿ ತಂದದ್ದು. ಎರಡು ವರ್ಷದ ಹಿಂದೆ ಪೂರ್ತಿ ಪೇಂಟ್ ಮಾಡಿಸಿದರು. ಪೇಂಟ್ ಆಗಿ ಬಂದ ಮೇಲೆ ಮೂತಿಯ ದೀಪ ಹತ್ತಲಿಲ್ಲ. ಒಂದು ಕಡೆ ತೋರಿಸಿದರು. ಯಾವ ಕಡೆ ಎಂದು ಬರೆಯುವುದಿಲ್ಲ, ಹುಡುಗರು ಚುರುಕಿನವರೇ. ಹುಡುಗ ಹಳೆ ಹೋಲ್ಡರ್ ಕಿತ್ತು ಎಸೆದು ಎಲ್‌ಇಡಿ ಪಟ್ಟಿ ಅಂಟಿಸಿದ. ಕೆಂಪು ವೈರಿಗೆ ಕೆಂಪು, ಕಪ್ಪು ವೈರ್ ಬಾಡಿಯ ಒಂದು ಬೋಲ್ಟಿಗೆ. ಹತ್ತಲಿಲ್ಲ.

ಯಾಕೆ ಹತ್ತಲಿಲ್ಲ? ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಜಾಸ್ತಿಯವು ಪಾಸಿಟಿವ್ ಅರ್ತ್. ಬ್ಯಾಟರಿಯ ಪ್ಲಸ್ಸೇ ಬಾಡಿಗೆ ಹೋಗುತ್ತದೆ. ಆ ಗಾಡಿಗಳಿಗೆ ಎಲೆಕ್ಟ್ರಿಕಲ್ ಸಾಮಾನು ಮಾಡುತ್ತಿದ್ದ ಲ್ಯೂಕಾಸ್ ಕಂಪನಿಯ ವೈರಿಂಗಿನಲ್ಲಿ ಕೆಂಪು ಅಂದರೆ ಪ್ಲಸ್ ಅಲ್ಲ ಮಾರಾಯ್ರೆ, ಅದು ಸೈಡ್ ಲ್ಯಾಂಪಿನ, ಅಂದರೆ ಪಾರ್ಕಿಂಗ್ ಲೈಟಿನ ವೈರ್ ಎಂಬ ಗುರುತು ಮಾತ್ರ. ಲಾಂಛನದ ದೀಪಕ್ಕೂ ಕರೆಂಟ್ ಬರುವುದು ಅದರಿಂದಲೇ. ಈ ಗಾಡಿಯಲ್ಲಿ ಆ ಕೆಂಪು ವೈರ್ ಮೈನಸ್. ಹಳೆ ಬಲ್ಬಿಗೆ ಪ್ಲಸ್ಸು ಮೈನಸ್ಸು ಎಲ್ಲ ಒಂದೇ, ಎಲ್‌ಇಡಿಗೆ ಹಾಗಲ್ಲ.

ಹುಡುಗನಿಗೆ ಇದು ಗೊತ್ತಿರಲಿಲ್ಲ. ಅವನು ಬ್ಯಾಟರಿಯನ್ನೇ ತಿರುಗಿಸಿ ಕೂರಿಸಿದ! ಎಲ್‌ಇಡಿ ಹತ್ತಿತು, ಮೊಬೈಲಿನಲ್ಲಿ ಫೋಟೊ ಹೊಡೆದರು, ಬಿಲ್ಲು ನಾಲ್ಕು ಸಾವಿರ ಚಿಲ್ಲರೆ. ಗಾಡಿ ಬಲ್ಮಠದ ತನಕ ಹೋಗುವಷ್ಟರಲ್ಲಿ ಕರೆಂಟ್ ತೋರಿಸುವ ಆಮೀಟರಿನ ಮುಳ್ಳು ಉಲ್ಟಾ ಓಡಿ, ಡೈನಮೊ ಮತ್ತು ಬ್ಯಾಟರಿಯ ನಡುವಿನ ಸ್ವಿಚ್, ಅಂದರೆ ಕಟ್‌ಔಟ್, ಸುಟ್ಟ ವಾಸನೆ ಬಂತು. ಆಮೇಲೆ ನನಗೆ ಫೋನ್.

ನಾನು ಮೊದಲು ಬ್ಯಾಟರಿ ಸರಿ ಮಾಡಿದೆ. ಕಟ್‌ಔಟಿನ ಪಾಯಿಂಟು ಕರಗಿ ಅಂಟಿತ್ತು. ಡೈನಮೊ ಪುಣ್ಯಕ್ಕೆ ಉಳಿದಿತ್ತು. ಮತ್ತೆ ಲಾಂಛನ ಬಿಚ್ಚಿದೆ. ದೀಪದ ಅರ್ತ್ ವೈರ್ ಗ್ರಿಲ್ಲಿನ ಹಿಂದೆ ಒಂದು ಸ್ಕ್ರೂವಿನಲ್ಲಿ ಬಾಡಿಗೆ ಸೇರುತ್ತದೆ. ಸ್ಕ್ರೂ ಬಿಚ್ಚಿ ನೋಡಿದರೆ ಅದರ ಅಡಿಯಲ್ಲೂ ಹೊಸ ಪೇಂಟ್, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೇಂಟಿನ ಮೇಲೆ ಅರ್ತ್ ಎಲ್ಲಿಂದ ಸಿಗಬೇಕು? ಹಳೆ ಎಂಟಾಣೆಯಷ್ಟು ಜಾಗ ಕೆರೆದೆ, ಕಬ್ಬಿಣ ಕಂಡಿತು. ಇಷ್ಟೇ ರೋಗ. ಹೋಲ್ಡರ್ ಪುಣ್ಯಕ್ಕೆ ಆ ಹುಡುಗನ ಕಸದ ಡಬ್ಬದಲ್ಲೇ ಇತ್ತು, ಯಜಮಾನರೇ ಹೋಗಿ ಹೆಕ್ಕಿ ತಂದರು. ಅದರ ಹಿತ್ತಾಳೆಗೆ ಹಸಿರು ಕಿಲುಬು ಕೂತಿತ್ತು. ನಮ್ಮ ಉಪ್ಪುಗಾಳಿಗೆ ಇನ್ನೇನು ಆಗುತ್ತದೆ? ನನ್ನ ಹೆಂಡತಿ ದೇವರ ದೀಪ ತಿಕ್ಕುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿದೆ, ಆಮೇಲೆ ಮೂರು ಸಲ ನೀರಿನಲ್ಲಿ ತೊಳೆದು ಒಣಗಿಸಿದೆ. ಹುಳಿ ಉಳಿದರೆ ಒಂದು ಮಳೆಗಾಲದಲ್ಲಿ ಮತ್ತೆ ಕಿಲುಬು. ಸ್ವಲ್ಪ ವ್ಯಾಸಲೀನ್ ಸವರಿ, ಸಣ್ಣ ವ್ಯಾಟಿನ ಬಲ್ಬ್ ಹಾಕಿ, ಪಾರ್ಕಿಂಗ್ ಲೈಟ್ ಸ್ವಿಚ್ ಎಳೆದೆ.

ಹಾಲುಬಣ್ಣದ ಬಿಲ್ಲೆ ನಿಧಾನ ಬೆಚ್ಚಗಾಯಿತು. ಜಾಸ್ತಿ ಬೆಳಕೇನೂ ಅಲ್ಲ. ಹೆಸರು ಓದಲಿಕ್ಕೆ ಸಾಕು, ಕಣ್ಣಿಗೆ ಚುಚ್ಚುವುದಿಲ್ಲ. ಯಜಮಾನರು ಒಳಗೆ ಹೋಗಿ ತಾಯಿಯನ್ನು ಕರೆದುಕೊಂಡು ಬಂದರು. ಅವರು ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲೇ ಕೂತರು. ನನಗೆ ಕೊಟ್ಟ ಚಾ ಆರಿಹೋಯಿತು.

ನಾನೂ ತಪ್ಪು ಮಾಡದವನಲ್ಲ. ಕೆಲಸ ಕಲಿತ ಹೊಸತರಲ್ಲಿ ಬೇರೊಂದು ಗಾಡಿಯ ಲಾಂಛನಕ್ಕೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಹಾಕಿದ್ದೆ. ಚೆನ್ನಾಗಿ ಬೆಳಗಲಿ ಎಂಬ ಆಸೆ. ವಾರದೊಳಗೆ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿ ನಡುವೆ ಸೀಳಿತು. ಅಂಥ ಬಿಲ್ಲೆ ಬಂದರಿನ ಗುಜರಿಯಲ್ಲೂ ಸಿಗಲಿಲ್ಲ. ಹಾಗಾಗಿ ನಾನು ಎಲ್‌ಇಡಿಯ ವೈರಿ ಅಲ್ಲ, ಅದಕ್ಕೆ ಬಿಸಿ ಕಡಿಮೆ. ಹಾಕಲೇಬೇಕಿದ್ದರೆ ಹಳದಿ ಛಾಯೆಯದು, ಪಾಸಿಟಿವ್ ಅರ್ತಿಗೆ ಹೊಂದುವಂಥದು, ಅದೇ ಹಳೆ ಹೋಲ್ಡರಿನಲ್ಲಿ ಕೂರುವಂಥದು ಹಾಕಿ. ನೀಲಿ ಪಟ್ಟಿಯನ್ನು ಮದುವೆ ಹಾಲಿಗೆ ಬಿಡಿ.

ಇನ್ನೊಂದು ಮಾತು ಹಳೆ ಕಾರಿನ ಯಜಮಾನರೆಲ್ಲರಿಗೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿದೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಗಾಡಿ ಮೂಲ ರೂಪದಲ್ಲೇ ಇರಬೇಕು ಎಂದು ಅದೇ ನಿಯಮ ಹೇಳುತ್ತದೆ. ಅಷ್ಟು ದುಡ್ಡು ಕಟ್ಟುವವರು ಮೂತಿಗೆ ನೀಲಿ ಲೈಟ್ ಯಾಕೆ ಹಾಕಿಸಬೇಕು, ನನಗೆ ಅರ್ಥವಾಗುವುದಿಲ್ಲ.

ಕಡೆಗೆ ನಿಮ್ಮ ಹತ್ತಿರ ಒಂದು ಕೋರಿಕೆ. ನಿಮ್ಮ ಫೋಟೊಗಳೆಲ್ಲ ಮಧ್ಯಾಹ್ನದ ಬಿಸಿಲಿನವು. ಆ ಬಿಸಿಲಿಗೆ ನೀಲಿ ಎಲ್‌ಇಡಿ ಮಾತ್ರ ಕಾಣುತ್ತದೆ, ಹಳೆ ಬಲ್ಬ್ ಕಾಣುವುದಿಲ್ಲ. ಮುಂದಿನ ಸಲ ಫೋಟೊಗ್ರಾಫರನ್ನು ಸಂಜೆ ಏಳರ ಹೊತ್ತಿಗೆ ಕಳಿಸಿ. ಫ್ಲ್ಯಾಶ್ ಹಾಕಬೇಡ ಎಂದು ಹೇಳಿ.

– ಒಬ್ಬ ನಿವೃತ್ತ ಆಟೊ ಎಲೆಕ್ಟ್ರಿಷಿಯನ್, ಕುಲಶೇಖರ, ಮಂಗಳೂರು