ಮನೆ ಡೇಕೇರ್: ದರ ಇಳಿಸಿದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ

ಮಾನ್ಯರೆ,

ಏಪ್ರಿಲ್, ಮೇ ಬಂತೆಂದರೆ ಮೈಸೂರಿನ ಮನೆ ಡೇಕೇರ್‌ಗಳು ಅರ್ಧ ಖಾಲಿ. ಕೆಲವು ಮಕ್ಕಳು ಅಜ್ಜಿ ಊರಿಗೆ, ಮೂರು ತುಂಬಿದವರು ಜೂನ್‌ನಿಂದ ನರ್ಸರಿಗೆ. ಗಾಬರಿಯಾಗಿ ಶುಲ್ಕ ಇಳಿಸಿದರೆ ಹಳೆಯ ಪೋಷಕರೂ ಅದೇ ದರ ಕೇಳುತ್ತಾರೆ. ಮತ್ತೆ ಏರಿಸುವುದು ಕಷ್ಟ. ಡೇಕೇರ್ ನಡೆಸುವ ಗೆಳತಿಯರೇ, ದರ ಹಾಗೇ ಇರಲಿ, ಹೊಸ ಪೋಷಕರಿಗೆ ಮಗುವನ್ನು ಮೂರು ದಿನ ಬಿಟ್ಟು ನೋಡಲು ಅವಕಾಶ ಕೊಡಿ.

ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದಾದ್ದರಿಂದ ಅನೇಕ ತಾಯಂದಿರು ಮಗುವಿಗೆ ನಾಲ್ಕರಿಂದ ಆರು ತಿಂಗಳಾದಾಗ ಕೆಲಸಕ್ಕೆ ಮರಳುತ್ತಾರೆ. ಹಾಗಾಗಿ ಮಗುವಿನ 14ನೇ ವಾರದ ಲಸಿಕೆಗೆ ಅವರು ಬರುವ ಹೊತ್ತೇ ಡೇಕೇರ್ ವಿಷಯ ತಿಳಿಸಲು ಸರಿಯಾದ ಸಮಯ. ಕುವೆಂಪುನಗರವೋ ವಿಜಯನಗರವೋ, ನಿಮ್ಮ ಬಡಾವಣೆಯ ಮಕ್ಕಳ ವೈದ್ಯರನ್ನು ಕೇಳಿಕೊಂಡು ಅಲ್ಲೊಂದು ಚೀಟಿ ಅಂಟಿಸಿ. ಅದರಲ್ಲಿ ‘ಪ್ರೀತಿಯ ಆರೈಕೆ’ ಎಂದು ಬರೆದು ಪ್ರಯೋಜನವಿಲ್ಲ, ಎಲ್ಲರೂ ಬರೆಯುವುದು ಅದನ್ನೇ. ಯಾವ ವಯಸ್ಸು, ಎಷ್ಟು ಜಾಗ ಖಾಲಿ, ಸಂಜೆ ಎಷ್ಟರವರೆಗೆ, ಊಟ ಯಾರದು: ಇಷ್ಟು ಸಾಕು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರಿಗೆ ಬಾಗಿಲು ಮುಚ್ಚುವ ಸಮಯವೇ ಮುಖ್ಯ.

ನೋಡಲು ಬರುವವರನ್ನು ಬೆಳಿಗ್ಗೆ 11ಕ್ಕೆ ಕರೆಯಿರಿ. ಸಂಜೆ ಮಕ್ಕಳನ್ನು ಕರೆದೊಯ್ಯುವ ಗಡಿಬಿಡಿಯಲ್ಲಿ ಬೇಡ. ಆಟಿಕೆಗಿಂತ ಮೊದಲು ಅಡುಗೆಮನೆ, ಬಚ್ಚಲು, ಗೇಟಿನ ಚಿಲಕ ತೋರಿಸಿ. ಜೊತೆಗೆ ಬಂದ ಅಜ್ಜಿ ನೋಡುವುದು ಅವನ್ನೇ, ಎಷ್ಟೋ ಸಲ ತೀರ್ಮಾನವೂ ಅವರದೇ. ಮಕ್ಕಳ ಫೋಟೊವನ್ನು ಪೋಷಕರ ಒಪ್ಪಿಗೆಯಿಲ್ಲದೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಲೇಬೇಡಿ. ದಸರಾ ರಜೆಗೆ ಶಾಲಾ ಮಕ್ಕಳನ್ನು ದಿನದ ಲೆಕ್ಕದಲ್ಲಿ ಸೇರಿಸಿಕೊಳ್ಳುವುದಾದರೆ ಹಸುಗೂಸುಗಳಿಗೆ ಬೇರೆ ಕೋಣೆ ಇರಲಿ, ಹಣ ಮುಂಗಡವಾಗಿಯೇ ಪಡೆಯಿರಿ.

– ಮನೆ ಡೇಕೇರ್ ನಿರ್ವಾಹಕಿಯರು, ಮೈಸೂರು