ಜನ ಬೇಡ ಅಂದರೂ ಯುದ್ಧ ಯಾಕೆ?

ಮಾನ್ಯರೇ,

ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಸಾಕು, ಕೋಲಾರದ ಟೊಮೆಟೊ ಮಂಡಿ ಪಕ್ಕದ ಟೀ ಅಂಗಡಿಯಲ್ಲಿ ಯಾರಾದರೂ 'ಎಲ್ಲಾ ಎಣ್ಣೆಗೋಸ್ಕರ ಬಿಡಿ' ಅನ್ನುತ್ತಾರೆ. ನನಗೆ ಅಷ್ಟೇ ಅನ್ನಿಸುವುದಿಲ್ಲ.

2003ರ ಫೆಬ್ರುವರಿ 15ರಂದು ಅಮೆರಿಕ ಶುರುಮಾಡಲು ಹೊರಟಿದ್ದ ಇರಾಕ್ ಯುದ್ಧ ಬೇಡ ಅಂತ ಲಂಡನ್, ರೋಮ್ ಬೀದಿಗಳಲ್ಲಿ ಲಕ್ಷಾಂತರ ಜನ ನಡೆದರು. ಬ್ರಿಟನ್ ಮಂತ್ರಿ ರಾಬಿನ್ ಕುಕ್ ರಾಜೀನಾಮೆಯನ್ನೇ ಕೊಟ್ಟರು. ಪ್ರಧಾನಿ ಟೋನಿ ಬ್ಲೇರ್ ಜಗ್ಗಲಿಲ್ಲ. ಯಾಕೆ ಅನ್ನುವುದಕ್ಕೆ ಆ ಯುದ್ಧದಲ್ಲಿ ಬ್ರಿಟನ್ ಪಾತ್ರದ ಬಗ್ಗೆ ನಡೆದ ತನಿಖೆಯ 2016ರ ಚಿಲ್ಕಾಟ್ ವರದಿಯಲ್ಲಿ ಸುಳಿವಿದೆ. 2002ರ ಜುಲೈನಲ್ಲೇ ಬ್ಲೇರ್ ಅಮೆರಿಕದ ಆಗಿನ ಅಧ್ಯಕ್ಷ ಬುಷ್‌ಗೆ ಪತ್ರ ಬರೆದು, ಏನೇ ಆದರೂ ನಿಮ್ಮ ಜೊತೆ ಇರುತ್ತೇನೆ ಅಂದಿದ್ದರು. ಜನ ಬೀದಿಗಿಳಿಯುವ ಎಷ್ಟೋ ತಿಂಗಳು ಮೊದಲೇ! ದೊಡ್ಡ ದೇಶದ ಸ್ನೇಹ ಕೆಡಬಾರದು, ತನ್ನ ಮಾತು ಬಿದ್ದುಹೋಗಬಾರದು ಅನ್ನುವ ಹಟವೇ ಜಾಸ್ತಿ ಕಾಣುತ್ತದೆ. ಸತ್ತವರು ಮಾತ್ರ ಬೇರೆಯವರ ಮಕ್ಕಳು. ಇರಾಕ್ ಹತ್ತಿರ ಇವೆ ಅಂತ ಇವರು ಹೇಳಿದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ.

ಅಮೆರಿಕ ಕೇಳಿದರೂ ವಾಜಪೇಯಿ ಸರ್ಕಾರ ಇರಾಕ್‌ಗೆ ಸೈನ್ಯ ಕಳಿಸಲಿಲ್ಲ. ನಮ್ಮ ಸಂಸತ್ತೂ ಆ ಯುದ್ಧವನ್ನು ಖಂಡಿಸಿತ್ತು. ಬೇಡ ಅನ್ನಲು ಆಗುತ್ತಿತ್ತು, ಅಲ್ವಾ?

ಯಾವ ದೇಶದ ನಾಯಕರೇ ಆಗಲಿ, ಯುದ್ಧ ಅಂದ ದಿನವೇ ಪುರಾವೆ ಎಲ್ಲಿ ಅಂತ ಪತ್ರಿಕೆಗಳು ಗಟ್ಟಿಯಾಗಿ ಕೇಳಬೇಕು. ಹದಿಮೂರು ವರ್ಷ ಆದ ಮೇಲೆ ಬಂದ ವರದಿಯಿಂದ ಯಾರ ಮಗನೂ ವಾಪಸ್ ಬರಲಿಲ್ಲ.

– ಒಬ್ಬ ಓದುಗ, ಕೋಲಾರ